ಹಳೆಯ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡು: ಹೊಂದಾಣಿಕೆಯನ್ನು ಪರೀಕ್ಷಿಸುವ ಕ್ರಮ

ಯಂತ್ರವೊಂದಕ್ಕೆ ವಯಸ್ಸಾಯಿತೆಂದ ಮಾತ್ರಕ್ಕೆ ಅದರ ಉಪಯೋಗವು ಮುಗಿಯಿತೆಂದು ಹೇಳಲಾಗದು. ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಗಣಕಯಂತ್ರವು ಲೆಕ್ಕಪತ್ರಗಳನ್ನು ಬರೆಯುವುದಕ್ಕೂ ಪಾಠಗಳನ್ನು ಬೆರಳಚ್ಚು ಮಾಡುವುದಕ್ಕೂ ಇಂದಿಗೂ ಸಾಕಾಗುವುದುಂಟು. ಆದರೆ ಮೂರು ಆಯಾಮಗಳ ಆಕೃತಿಯನ್ನು ರಚಿಸುವಾಗ, ವಿಡಿಯೊವನ್ನು ಸಂಕಲನ ಮಾಡುವಾಗ, ಹೊಸ ಆಟಗಳನ್ನು ಆಡುವಾಗ ಅದು ತಡವರಿಸತೊಡಗುವುದು. ಆಗ ಯಂತ್ರವನ್ನೇ ಬದಲಿಸುವುದಕ್ಕಿಂತ ಅದಕ್ಕೊಂದು ಗ್ರಾಫಿಕ್ಸ್ ಕಾರ್ಡನ್ನು ಜೋಡಿಸಿದರೆ ಸಾಕಲ್ಲವೆ ಎಂಬ ಆಲೋಚನೆ ಸಹಜವಾಗಿಯೇ ಮೂಡುವುದು. ಆಲೋಚನೆಯಲ್ಲಿ ದೋಷವಿಲ್ಲ. ಕಾರ್ಡನ್ನು ಮೊದಲು ಕೊಂಡು, ಅದು ತನ್ನ ಯಂತ್ರಕ್ಕೆ ಹೊಂದುವುದೋ ಇಲ್ಲವೋ ಎಂಬುದನ್ನು ಬಳಿಕ ನೋಡುವ ಕ್ರಮದಲ್ಲಿ ದೋಷವಿದೆ. ಸಾಮಾನ್ಯ ಕುಟುಂಬವೊಂದು ತಿಂಗಳುಗಟ್ಟಲೆ ಕೂಡಿಟ್ಟ ಹಣವು ಹೀಗೆ ಪೆಟ್ಟಿಗೆಯಲ್ಲಿಯೇ ಉಳಿಯುವ ವಸ್ತುವಿಗೆ ವ್ಯಯವಾಗಬಹುದು. ವಿದ್ಯುತ್ತಿನ ಲೆಕ್ಕ ತಪ್ಪಿದರೆ, ಅಲ್ಲಿಯವರೆಗೆ ನಡೆಯುತ್ತಿದ್ದ ಯಂತ್ರವೂ ಕೈಬಿಡಬಹುದು.

ಹೊಂದಾಣಿಕೆ ಎಂಬುದು ಒಂದೇ ಪ್ರಶ್ನೆಯಲ್ಲ. ಹಲವು ಪ್ರಶ್ನೆಗಳ ಒಂದು ಸಾಲು. ಸ್ಲಾಟು, ಸ್ಥಳ, ವಿದ್ಯುತ್ತು, ಬಯಾಸ್, ಮಾನಿಟರು, ಡ್ರೈವರು, ಪ್ರೊಸೆಸರು ಎಂಬ ಏಳರಲ್ಲಿ ಆರು ಕೂಡಿಬಂದು ಒಂದು ಕೂಡಿಬರದಿದ್ದರೆ ಆ ಒಂದೇ ಫಲವನ್ನು ನಿರ್ಣಯಿಸುವುದು. ಈ ಪ್ರಶ್ನೆಗಳಿಗೆ ಉತ್ತರವು ಅಂಗಡಿಯ ಜಾಹೀರಾತಿನಲ್ಲಿಲ್ಲ; ಹಳೆಯ ಯಂತ್ರದ ಒಡಲಲ್ಲಿಯೇ ಇದೆ. ಆದುದರಿಂದ ಕೊಳ್ಳುವ ಮೊದಲು ಯಂತ್ರವನ್ನು ತೆರೆದು ಓದುವುದೇ ಈ ಪಾಠದ ಮುಖ್ಯ ತತ್ತ್ವ.

ಅಗತ್ಯದ ವಿಚಾರ

ಪರದೆಯ ಮೇಲೆ ಕಾಣುವ ಪ್ರತಿಯೊಂದು ಚಿತ್ರವೂ ಲಕ್ಷಗಟ್ಟಲೆ ಚುಕ್ಕೆಗಳಿಂದಾದುದು. ಪ್ರತಿ ಚುಕ್ಕೆಯ ಬಣ್ಣವನ್ನು ಸೆಕೆಂಡಿಗೆ ಹಲವು ಬಾರಿ ಲೆಕ್ಕಹಾಕಿ ಮಾನಿಟರಿಗೆ ಕಳುಹಿಸುವುದೇ ಗ್ರಾಫಿಕ್ಸ್ ಭಾಗದ ಕೆಲಸ. ಅನೇಕ ಯಂತ್ರಗಳಲ್ಲಿ ಈ ಭಾಗವು ಪ್ರೊಸೆಸರಿನೊಳಗೇ ಅಡಕವಾಗಿರುವುದು. ಪ್ರತ್ಯೇಕ ಕಾರ್ಡಿನಲ್ಲಾದರೋ ಅದಕ್ಕೆ ತನ್ನದೇ ಆದ ಚಿಪ್ಪು, ಸ್ಮೃತಿ ಮತ್ತು ತಂಪುಕಾರಿ ಇರುವುವು.

ಯಂತ್ರವು ನಿಧಾನವೆಂದೊಡನೆ ಗ್ರಾಫಿಕ್ಸ್ ಕಾರ್ಡೇ ಮದ್ದೆಂದು ಭಾವಿಸಲಾಗದು. ಯಂತ್ರವು ಪ್ರಾರಂಭವಾಗಲು ಬಹಳ ಹೊತ್ತು ಹಿಡಿಯುತ್ತಿದ್ದರೆ, ಕಡತಗಳು ತೆರೆಯಲು ತಡವಾಗುತ್ತಿದ್ದರೆ, ಕಾರಣವು ಬಹುಮಟ್ಟಿಗೆ ತಿರುಗುವ ಹಾರ್ಡ್ ಡಿಸ್ಕು ಅಥವಾ ಕಡಿಮೆ ರ‍್ಯಾಮ್ ಆಗಿರುವುದು. ಅಲ್ಲಿ ಎಸ್‌ಎಸ್‌ಡಿಯಿಂದಾಗುವ ಉಪಕಾರವು ಗ್ರಾಫಿಕ್ಸ್ ಕಾರ್ಡಿನಿಂದ ಆಗದು. ರೋಗವನ್ನು ಅರಿತ ಮೇಲೆಯೇ ಔಷಧಿಯ ವಿಚಾರ.

1. ಸ್ಲಾಟು

ಕಾರ್ಡು ಕುಳಿತುಕೊಳ್ಳುವ ಮದರ್‌ಬೋರ್ಡಿನ ತೋಡಿಗೆ ಸ್ಲಾಟ್ ಎಂದು ಹೆಸರು. ಇದರ ಇತಿಹಾಸವನ್ನು ಸಂಕ್ಷೇಪವಾಗಿ ತಿಳಿಯುವುದು ಉಪಯುಕ್ತ. 1992ರಲ್ಲಿ ಪಿಸಿಐ ಬಂದಿತು. 1997ರ ಸುಮಾರಿಗೆ ಗ್ರಾಫಿಕ್ಸಿಗೆಂದೇ ಮೀಸಲಾದ ಎಜಿಪಿ ಬಳಕೆಗೆ ಬಂದಿತು. 2003ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ ರೂಪುಗೊಂಡಿತು. ಈ ಮೂರೂ ಆಕಾರದಲ್ಲಿಯೇ ಬೇರೆ ಬೇರೆ. ಎಜಿಪಿ ಸ್ಲಾಟು ಮಾತ್ರವಿರುವ ಯಂತ್ರದಲ್ಲಿ ಇಂದಿನ ಯಾವ ಕಾರ್ಡೂ ಕೂರದು.

ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಮತ್ತೆ ತಲೆಮಾರುಗಳುಂಟು: 2.0 ಎಂಬುದು 2007ರಲ್ಲಿ, 3.0 ಎಂಬುದು 2010ರಲ್ಲಿ, 4.0 ಎಂಬುದು 2017ರಲ್ಲಿ ಪ್ರಕಟವಾದವು. ಸಂತೋಷದ ಸಂಗತಿಯೆಂದರೆ ಇವು ಪರಸ್ಪರ ಹೊಂದಿಕೊಳ್ಳುವುವು. ಹೊಸ ಕಾರ್ಡನ್ನು ಹಳೆಯ ಸ್ಲಾಟಿನಲ್ಲಿಟ್ಟರೆ ಎರಡರಲ್ಲಿ ಕಡಿಮೆಯಾದ ವೇಗದಲ್ಲಿ ಕೆಲಸ ನಡೆಯುವುದು. ಮಾಹಿತಿ ಸಾಗುವ ದಾರಿಗೆ ಲೇನ್ ಎನ್ನುವರು. ಒಂದು ಲೇನಿನಲ್ಲಿ ಒಂದು ದಿಕ್ಕಿಗೆ ಸೆಕೆಂಡಿಗೆ 1.0ರಲ್ಲಿ 250, 2.0ರಲ್ಲಿ 500, 3.0ರಲ್ಲಿ ಸುಮಾರು 985, 4.0ರಲ್ಲಿ ಸುಮಾರು 1969 ಮೆಗಾಬೈಟುಗಳು ಸಾಗಬಲ್ಲವು.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸತಕ್ಕದ್ದು. ಮೊದಲನೆಯದು, ಉದ್ದನೆಯ ಸ್ಲಾಟುಗಳೆಲ್ಲ 16 ಲೇನಿನವಲ್ಲ. ಕೆಲವು ನೋಟಕ್ಕೆ 16 ಲೇನಿನವಾಗಿದ್ದು ಒಳಗೆ 4 ಲೇನುಗಳನ್ನು ಮಾತ್ರ ಹೊಂದಿರುವುವು. ಎರಡನೆಯದು, ಕಾರ್ಡುಗಳೂ ಹಾಗೆಯೇ. 2022ರಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6400 ಎಂಬ ಕಾರ್ಡು ಬಳಸುವುದು 4.0 ತಲೆಮಾರಿನ 4 ಲೇನುಗಳನ್ನಷ್ಟೇ. 4.0 ಸ್ಲಾಟಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಗಿಗಾಬೈಟುಗಳ ದಾರಿ ದೊರೆತರೆ, 3.0ರಲ್ಲಿ ಸುಮಾರು 4, 2.0ರಲ್ಲಿ 2 ಮಾತ್ರ. ಹಳೆಯ ಯಂತ್ರಕ್ಕೆಂದು ಕೊಂಡ ಸಣ್ಣ ಕಾರ್ಡು ಹಳೆಯ ಯಂತ್ರದಲ್ಲಿಯೇ ಹೆಚ್ಚು ಸೊರಗುವ ವಿಚಿತ್ರವು ಹೀಗೆ ಸಂಭವಿಸುವುದು. 2019ರ ಜಿಟಿಎಕ್ಸ್ 1650 ಎಂಬುದಾದರೋ 3.0 ತಲೆಮಾರಿನ 16 ಲೇನುಗಳನ್ನೂ ಬಳಸುವುದರಿಂದ ಅದಕ್ಕೆ ಈ ತೊಂದರೆ ಅಷ್ಟಾಗಿ ಇಲ್ಲ.

2. ಸ್ಥಳ

ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ತೆಗೆದು ಅಳತೆಪಟ್ಟಿಯಿಂದ ಮೂರು ಅಳತೆಗಳನ್ನು ತೆಗೆದುಕೊಳ್ಳತಕ್ಕದ್ದು. ಹಿಂಬದಿಯ ತಗಡಿನಿಂದ ಎದುರಿಗೆ ಮೊದಲ ಅಡ್ಡಿಯವರೆಗಿನ ದೂರವು ಉದ್ದ. ಹಾರ್ಡ್ ಡಿಸ್ಕಿನ ಗೂಡು ಸಾಮಾನ್ಯವಾಗಿ ಇಲ್ಲಿ ಅಡ್ಡಬರುವುದು. ಎರಡನೆಯದು ಎತ್ತರ. ತೆಳುವಾದ ಕ್ಯಾಬಿನೆಟ್ಟುಗಳಲ್ಲಿ ಲೋ ಪ್ರೊಫೈಲ್ ಎನ್ನುವ ಅರೆಎತ್ತರದ ಕಾರ್ಡುಗಳು ಮಾತ್ರ ಹಿಡಿಸುವುವು. ಅವುಗಳ ಜೊತೆಗೆ ಗಿಡ್ಡನೆಯ ಹಿಂಪಟ್ಟಿಯೂ ಪೆಟ್ಟಿಗೆಯಲ್ಲಿರಬೇಕು. ಮೂರನೆಯದು ದಪ್ಪ. ಪಕ್ಕಪಕ್ಕದ ಎರಡು ಸ್ಲಾಟುಗಳ ನಡುವಣ ಅಂತರ 20.32 ಮಿಲಿಮೀಟರು. ಎರಡು ಸ್ಲಾಟಿನ ದಪ್ಪವುಳ್ಳ ಕಾರ್ಡು ಕುಳಿತರೆ ಪಕ್ಕದ ಸ್ಲಾಟು ಮುಚ್ಚಿಹೋಗುವುದು. ಆ ಬದಿಯಲ್ಲಿ ಸ್ಲಾಟಿನ ಬದಲು ಕ್ಯಾಬಿನೆಟ್ಟಿನ ಗೋಡೆಯಿದ್ದರೆ ಕಾರ್ಡು ಕೂರುವುದೇ ಇಲ್ಲ. ಗಾಳಿ ಒಳಬಂದು ಹೊರಹೋಗಲು ಎಡೆಯಿದೆಯೆ ಎಂಬುದನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳುವುದು ಒಳಿತು.

3. ವಿದ್ಯುತ್ತು

ಏಳು ಪರೀಕ್ಷೆಗಳಲ್ಲಿ ಅತಿ ಮುಖ್ಯವಾದುದು ಇದು. ಏಕೆಂದರೆ ಇತರ ತಪ್ಪುಗಳಿಂದ ಹಣ ಮಾತ್ರ ಹೋಗುವುದು, ಇದರಿಂದ ಯಂತ್ರವೇ ಹೋಗಬಹುದು. ಸ್ಲಾಟು ತಾನಾಗಿ ಕಾರ್ಡಿಗೆ ಕೊಡಬಲ್ಲ ವಿದ್ಯುತ್ತಿನ ಮಿತಿ 75 ವಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ತಂತಿ ಬರಬೇಕು. ಆರು ಪಿನ್ನಿನ ತಂತಿಯಿಂದ 75, ಎಂಟು ಪಿನ್ನಿನ ತಂತಿಯಿಂದ 150 ವಾಟ್ ಪಡೆಯಲು ನಿಯಮದಲ್ಲಿ ಅವಕಾಶವಿದೆ. ಕೆಲವು ಕಂಪನಿಗಳ ಸಣ್ಣ ಯಂತ್ರಗಳಲ್ಲಿ ಸ್ಲಾಟಿನ ಮಿತಿಯೇ 75ಕ್ಕಿಂತ ಕಡಿಮೆ ಇರುವುದುಂಟಾದ್ದರಿಂದ ಆ ಯಂತ್ರದ ಕೈಪಿಡಿಯನ್ನು ನೋಡತಕ್ಕದ್ದು.

ಎಸ್‌ಎಂಪಿಎಸ್‌ನ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿರುವ ಒಟ್ಟು ವಾಟ್ ಒಂದನ್ನೇ ನಂಬಲಾಗದು. ಕಾರ್ಡೂ ಪ್ರೊಸೆಸರೂ ಮುಖ್ಯವಾಗಿ ಸೆಳೆಯುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನ ಎದುರಿಗೆ 16 ಆಂಪಿಯರ್ ಎಂದಿದ್ದರೆ, 12ನ್ನು 16ರಿಂದ ಗುಣಿಸಲಾಗಿ 192 ವಾಟ್ ಆಗುವುದು. ನಿಜವಾಗಿ ಕೈಗೆ ಸಿಗುವುದು ಇಷ್ಟೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ದೊರೆಯದು.

ಆರು ಪಿನ್ನಿನ ತಂತಿ ಇಲ್ಲದಿದ್ದಾಗ ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ತಂತಿಗೆ ಪರಿವರ್ತಕವೊಂದನ್ನು ಸಿಕ್ಕಿಸಿ ಕೆಲಸ ಸಾಗಿಸುವ ರೂಢಿಯುಂಟು. ಇದು ಅಪಾಯಕರ. ಸಾಟಾ ತಂತಿಯಲ್ಲಿ 12 ವೋಲ್ಟಿಗೆ ಮೂರು ಪಿನ್ನುಗಳಿದ್ದು, ಒಂದೊಂದರ ಮಿತಿ 1.5 ಆಂಪಿಯರ್, ಒಟ್ಟು 4.5 ಆಂಪಿಯರ್, ಅಂದರೆ 54 ವಾಟ್. 75 ವಾಟ್ ಬೇಡಬಲ್ಲ ಬಾಯಿಗೆ 54 ವಾಟಿನ ತಂತಿಯನ್ನು ಕೊಟ್ಟರೆ ಅದು ಬಿಸಿಯಾಗಿ ಕರಗುವ ಸಂಭವವುಂಟು. ಮಾರುಕಟ್ಟೆಯಲ್ಲಿ ದೊರೆಯುವ ಮಾತ್ರಕ್ಕೆ ವಸ್ತುವೊಂದು ಕ್ಷೇಮಕರವೆಂದು ತಿಳಿಯಬಾರದು.

4. ಬಯಾಸ್

ಗುಂಡಿಯನ್ನು ಒತ್ತಿದೊಡನೆ, ವಿಂಡೋಸ್ ಅಥವಾ ಲಿನಕ್ಸ್ ಏಳುವುದಕ್ಕೂ ಮುಂಚೆ, ಮದರ್‌ಬೋರ್ಡಿನಲ್ಲಿ ಅಡಕವಾಗಿರುವ ಮೂಲ ತಂತ್ರಾಂಶವೊಂದು ಎಚ್ಚರಗೊಂಡು ಪ್ರತಿಯೊಂದು ಭಾಗವನ್ನೂ ವಿಚಾರಿಸುವುದು. ಹಿಂದೆ ಇದಕ್ಕೆ ಬಯಾಸ್ ಎಂದು ಹೆಸರಿತ್ತು; ಬಳಿಕ ಬಂದುದು ಯುಇಎಫ್‌ಐ. ಗ್ರಾಫಿಕ್ಸ್ ಕಾರ್ಡಿನಲ್ಲಿಯೂ ಇದಕ್ಕೆ ಉತ್ತರಿಸುವ ಸಣ್ಣ ತಂತ್ರಾಂಶವಿರುವುದು. ಎರಡೂ ಒಂದೇ ಭಾಷೆಯನ್ನು ಆಡದಿದ್ದರೆ ಕಾರ್ಡು ಸರಿಯಾಗಿದ್ದರೂ ಪರದೆ ಕಪ್ಪಾಗಿಯೇ ಉಳಿಯುವುದು. 2011-12ಕ್ಕಿಂತ ಹಿಂದಿನ ಬೋರ್ಡುಗಳಲ್ಲಿ ಹೊಸ ಕಾರ್ಡುಗಳನ್ನಿಟ್ಟಾಗ ಈ ತೊಡಕು ಕೆಲವೊಮ್ಮೆ ತೋರುವುದು. ಇದಕ್ಕೆ ವಿರುದ್ಧವಾಗಿ, ಬಹಳ ಹಳೆಯ ಕಾರ್ಡು ಸೆಕ್ಯೂರ್ ಬೂಟ್ ಇರುವ ಹೊಸ ವ್ಯವಸ್ಥೆಯಲ್ಲಿ ಮೌನವಾಗುವುದೂ ಉಂಟು.

ಬೋರ್ಡಿನ ತಯಾರಕರು ಪ್ರಕಟಿಸಿರುವ ಕೊನೆಯ ಬಯಾಸ್ ಆವೃತ್ತಿಯನ್ನು ಹಾಕಿಕೊಳ್ಳುವುದು ಇದಕ್ಕೊಂದು ಪರಿಹಾರ. ಅದನ್ನು ಹೊಸ ಕಾರ್ಡನ್ನು ಕೂರಿಸುವ ಮೊದಲೇ, ಹಳೆಯ ಪರದೆ ಕಾಣುತ್ತಿರುವಾಗಲೇ ಮಾಡಬೇಕು. ಆ ಕೆಲಸದ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ನಿಷ್ಪ್ರಯೋಜಕವಾಗಬಹುದಾದ್ದರಿಂದ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬಾರದು.

2022ರಲ್ಲಿ ಬಂದ ಇಂಟೆಲ್ ಆರ್ಕ್ ಕಾರ್ಡುಗಳದು ಇನ್ನೊಂದು ಬಗೆ. ರೀಸೈಜಬಲ್ ಬಾರ್ ಎಂಬ ಸೌಲಭ್ಯವು ಬೋರ್ಡಿನಲ್ಲಿಲ್ಲದಿದ್ದರೆ ಅವುಗಳ ವೇಗವು ಬಹಳ ಕುಗ್ಗುವುದು. ಇಂಟೆಲ್ ಕಂಪನಿಯೇ ತನ್ನ 10ನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರುಗಳೊಡನೆ ಇವನ್ನು ಬಳಸಲು ಹೇಳಿದೆ. ಆದಕಾರಣ ಹಳೆಯ ಯಂತ್ರದವರು ಇವುಗಳಿಂದ ದೂರವಿರುವುದೇ ಲೇಸು.

5. ಮಾನಿಟರು

ವಿಜಿಎ ಎಂಬ ನೀಲಿ ಬಾಯಿಯ ಸಂಪರ್ಕವು 1987ರಲ್ಲಿ ಬಂದುದು. ಹಳೆಯ ಮಾನಿಟರುಗಳಲ್ಲಿ ಅನೇಕವುಗಳಿಗೆ ಅದೊಂದೇ ದಾರಿ. ಅದು ಅನಲಾಗ್ ಸಂಕೇತವನ್ನು ಬೇಡುವುದು. 2016ರ ಜಿಟಿಎಕ್ಸ್ 10 ಸರಣಿಯಿಂದ ಎನ್‌ವಿಡಿಯಾ ಕಾರ್ಡುಗಳು ಅನಲಾಗ್ ಸಂಕೇತವನ್ನು ಕೊಡುವುದನ್ನೇ ನಿಲ್ಲಿಸಿದವು. ಡಿವಿಐ ಬಾಯಿ ಕಂಡೊಡನೆ ಸಣ್ಣ ಪರಿವರ್ತಕದಿಂದ ವಿಜಿಎ ದೊರೆಯುವುದೆಂದು ತಿಳಿಯುವಂತಿಲ್ಲ. ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಸಣ್ಣ ರಂಧ್ರಗಳಿದ್ದರೆ ಅದು ಡಿವಿಐ-ಐ, ಅಲ್ಲಿ ಅನಲಾಗ್ ಉಂಟು. ಇಲ್ಲದಿದ್ದರೆ ಡಿವಿಐ-ಡಿ, ಅಲ್ಲಿ ಇಲ್ಲ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟಿನಿಂದ ವಿಜಿಎಗೆ ಹೋಗಬೇಕಾದರೆ ಒಳಗೆ ಚಿಪ್ಪುಳ್ಳ ಪರಿವರ್ತಕವೇ ಬೇಕು; ಬರಿಯ ತಂತಿ ಸಾಲದು. ಅದರ ಬೆಲೆಯನ್ನೂ ಮೊದಲೇ ಲೆಕ್ಕದಲ್ಲಿ ಸೇರಿಸಿಕೊಳ್ಳತಕ್ಕದ್ದು.

6. ಡ್ರೈವರು

ಕಾರ್ಡಿಗೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೇ ಡ್ರೈವರು. 2018ರಲ್ಲಿ ಎನ್‌ವಿಡಿಯಾ ಮತ್ತು ಎಎಂಡಿ ಎರಡೂ ಕಂಪನಿಗಳು 32 ಬಿಟ್ಟಿನ ವ್ಯವಸ್ಥೆಗಳಿಗೆ ಹೊಸ ಡ್ರೈವರುಗಳನ್ನು ಕೊಡುವುದನ್ನು ನಿಲ್ಲಿಸಿದವು. ಆದುದರಿಂದ ಯಂತ್ರದಲ್ಲಿರುವುದು 64 ಬಿಟ್ಟಿನ ವ್ಯವಸ್ಥೆಯೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಕಾರ್ಡಿನ ಆಯುಷ್ಯವನ್ನೂ ವಿಚಾರಿಸಬೇಕು. ಜಿಟಿಎಕ್ಸ್ 1050 ಟಿಐ, ಜಿಟಿ 1030 ಮೊದಲಾದ ಪ್ಯಾಸ್ಕಲ್ ತಲೆಮಾರಿನ ಕಾರ್ಡುಗಳಿಗೆ ಎನ್‌ವಿಡಿಯಾ ನಿಯತವಾಗಿ ಕೊಡುತ್ತಿದ್ದ ಡ್ರೈವರುಗಳು 2025ರ ಅಕ್ಟೋಬರಿಗೆ ಮುಗಿದವು. 2028ರ ಅಕ್ಟೋಬರಿನವರೆಗೆ ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಕೊಡುವುದಾಗಿ ಕಂಪನಿಯು ತಿಳಿಸಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ 8ನೆಯ ತಲೆಮಾರಿನದಾದರೂ ಇರಬೇಕು. ಎಷ್ಟು ಉತ್ತಮವಾದ ಗ್ರಾಫಿಕ್ಸ್ ಕಾರ್ಡನ್ನು ಹಾಕಿದರೂ ಈ ಅರ್ಹತೆ ಹಳೆಯ ಪ್ರೊಸೆಸರಿಗೆ ಬಾರದು. ಅಂತಹ ಯಂತ್ರಕ್ಕೆ ಲಿನಕ್ಸನ್ನು ಅಳವಡಿಸುವ ಮಾರ್ಗವುಂಟು.

7. ಪ್ರೊಸೆಸರು

ಬಲವಾದ ಎತ್ತನ್ನೂ ಬಡಕಲು ಎತ್ತನ್ನೂ ಒಂದೇ ನೊಗಕ್ಕೆ ಹೂಡಿದರೆ ನೇಗಿಲು ಸಾಗುವುದು ಬಡಕಲು ಎತ್ತಿನ ನಡಿಗೆಯಲ್ಲಿಯೇ. ಕಾರ್ಡಿಗೆ ಕೆಲಸವನ್ನು ಹಂಚಿಕೊಡುವುದು ಪ್ರೊಸೆಸರು. ಅದು ನಿಧಾನವಾದರೆ ಕಾರ್ಡು ಕೈಕಟ್ಟಿ ಕಾಯುವುದು. ಕೆಲವು ಹೊಸ ತಂತ್ರಾಂಶಗಳು ಎವಿಎಕ್ಸ್2 ಎಂಬ ಸೂಚನಾವರ್ಗವನ್ನು ಕಡ್ಡಾಯವಾಗಿ ಬೇಡುತ್ತವೆ. ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಬಂದುದು 2013ರ ಹ್ಯಾಸ್‌ವೆಲ್ ತಲೆಮಾರಿನಿಂದ. ಅದಕ್ಕಿಂತ ಹಿಂದಿನ ಪ್ರೊಸೆಸರಿನಲ್ಲಿ ಕಾರ್ಡು ಯಾವುದಿದ್ದರೂ ಆ ತಂತ್ರಾಂಶ ತೆರೆಯದು.

ಹೆಸರನ್ನು ನಂಬದೆ ವಿವರವನ್ನು ಓದುವುದು

ಇಷ್ಟೆಲ್ಲ ತಿಳಿದವರೂ ಎಡವುವ ಸ್ಥಳ ಒಂದಿದೆ. ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿರುವುದುಂಟು. ಜಿಟಿ 1030 ಎಂಬ ಕಾರ್ಡು 2017ರಲ್ಲಿ ಬಂದಾಗ ಜಿಡಿಡಿಆರ್5 ಸ್ಮೃತಿಯೊಡನೆ ಸೆಕೆಂಡಿಗೆ 48 ಗಿಗಾಬೈಟುಗಳನ್ನು ಸಾಗಿಸುತ್ತಿತ್ತು. 2018ರಲ್ಲಿ ಅದೇ ಹೆಸರಿನಿಂದ ಬಂದ ಡಿಡಿಆರ್4 ಕಾರ್ಡಿನಲ್ಲಿ ಅದು ಸುಮಾರು 17 ಗಿಗಾಬೈಟಿಗೆ ಇಳಿಯಿತು. ಆರ್‌ಟಿಎಕ್ಸ್ 3050 ಎಂಬುದರಲ್ಲಿ 2022ರ 8 ಗಿಗಾಬೈಟಿನ ಕಾರ್ಡಿಗೆ 130 ವಾಟ್ ಬೇಕು. 2024ರ 6 ಗಿಗಾಬೈಟಿನದಕ್ಕೆ 70 ವಾಟ್ ಸಾಕು. ಮೊದಲನೆಯದಕ್ಕೆ ಪ್ರತ್ಯೇಕ ತಂತಿ ಬೇಕು. ಎರಡನೆಯದನ್ನು ಸ್ಲಾಟೇ ಪೋಷಿಸಬಲ್ಲದು. ಯಂತ್ರಗಳೂ ಇದಕ್ಕೆ ಹೊರತಲ್ಲ: ಡೆಲ್ ಆಪ್ಟಿಪ್ಲೆಕ್ಸ್ 7010 ಎಂಬ ಹೆಸರು 2012ರ ಯಂತ್ರಕ್ಕೂ ಇದೆ, 2023ರ ಯಂತ್ರಕ್ಕೂ ಇದೆ. ಒಂದಕ್ಕೆ ಕೊಟ್ಟ ಸಲಹೆ ಇನ್ನೊಂದಕ್ಕೆ ಸಲ್ಲದು.

ಒಂದು ನಿದರ್ಶನ

2012ರ ಆಪ್ಟಿಪ್ಲೆಕ್ಸ್ 7010ರ ತೆಳು ಕ್ಯಾಬಿನೆಟ್ಟಿನ ಯಂತ್ರವನ್ನು ತೆಗೆದುಕೊಳ್ಳೋಣ. ಅದರಲ್ಲಿ ಕೋರ್ ಐ5-3470 ಪ್ರೊಸೆಸರು ಇದೆಯೆಂದು ಭಾವಿಸಿದರೆ ಪರೀಕ್ಷೆಯು ಹೀಗೆ ಸಾಗುವುದು. ಸ್ಲಾಟು 3.0 ತಲೆಮಾರಿನ 16 ಲೇನಿನದು. ಕೂರುವುದು ಅರೆಎತ್ತರದ ಕಾರ್ಡು ಮಾತ್ರ. ಎಸ್‌ಎಂಪಿಎಸ್ 240 ವಾಟಿನದು. ಆರು ಪಿನ್ನಿನ ತಂತಿ ಇಲ್ಲ. ಪ್ರೊಸೆಸರಿಗೆ 77 ವಾಟ್, ಡಿಸ್ಕು ರ‍್ಯಾಮು ಬೋರ್ಡು ಫ್ಯಾನುಗಳಿಗೆ ಒಟ್ಟಿಗೆ 50 ವಾಟ್ ಎಂದು ಹಿಡಿದರೆ 127 ಆಯಿತು.

ಈಗ ಮೂರು ಕಾರ್ಡುಗಳನ್ನು ತೂಗಿ ನೋಡಬಹುದು. 107 ವಾಟಿನ ಆರ್‌ಎಕ್ಸ್ 6500 ಎಕ್ಸ್‌ಟಿ ಸೇರಿದರೆ ಮೊತ್ತ 234. ಮಿತಿಗೆ ಕೇವಲ 6 ವಾಟ್ ಉಳಿಯುವುದು, ಅದಕ್ಕೆ ಬೇಕಾದ ತಂತಿಯೂ ಇಲ್ಲ. ಅದು ಅಲ್ಲಿಯೇ ತಿರಸ್ಕೃತ. 75 ವಾಟಿನ ಜಿಟಿಎಕ್ಸ್ 1650 ಸೇರಿದರೆ 202. ನಡೆಯಬಹುದು, ಆದರೆ ಬಿಗಿ. ಅದರ ಅರೆಎತ್ತರದ ಮಾದರಿಗಳು ಎರಡು ಸ್ಲಾಟಿನ ದಪ್ಪವಿರುವುದುಂಟಾದ್ದರಿಂದ ಅಳತೆಯೂ, ಆ ಸ್ಲಾಟಿನ ವಿದ್ಯುತ್ ಮಿತಿಯೂ ಕೂಡಿಬರಬೇಕು. 53 ವಾಟಿನ ಆರ್‌ಎಕ್ಸ್ 6400 ಸೇರಿದರೆ 180. ವಿದ್ಯುತ್ತಿನಲ್ಲಿ ನೆಮ್ಮದಿ ಹೆಚ್ಚು, ಆದರೆ 4 ಲೇನುಗಳ ಇಕ್ಕಟ್ಟುಂಟು. ಜೊತೆಗೆ ಆ ಕಾರ್ಡಿನಲ್ಲಿ ವಿಡಿಯೊವನ್ನು ಎನ್‌ಕೋಡ್ ಮಾಡುವ ಭಾಗವೇ ಇಲ್ಲವಾದುದರಿಂದ ವಿಡಿಯೊ ಸಂಕಲನಕ್ಕೆಂದು ಕೊಳ್ಳುವವರಿಗೆ ಅದು ತಕ್ಕುದಲ್ಲ. ಯಾವ ಕಾರ್ಡು ಶ್ರೇಷ್ಠವೆಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಯಾವುದು ಈ ಯಂತ್ರಕ್ಕೆ, ಈ ಕೆಲಸಕ್ಕೆ ಸಲ್ಲುವುದೆಂಬುದೇ ಪ್ರಶ್ನೆ.

ಕೊಳ್ಳುವಾಗ ಮತ್ತು ಜೋಡಿಸುವಾಗ

ಬಳಸಿದ ಕಾರ್ಡನ್ನು ಕೊಳ್ಳುವವರು ಅದನ್ನು ಯಂತ್ರವೊಂದರಲ್ಲಿ ನಡೆಯಿಸಿ ತೋರಿಸುವಂತೆ ಕೇಳಬೇಕು. ಹಳೆಯ ಕಾರ್ಡಿನ ಒಳಗಣ ತಂತ್ರಾಂಶವನ್ನು ತಿದ್ದಿ ಹೊಸದರ ಹೆಸರನ್ನು ತೋರುವಂತೆ ಮಾಡಿ ಮಾರುವ ವಂಚನೆಯುಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಚಿಪ್ಪಿನ ನಿಜವಾದ ವಿವರವನ್ನು ತೋರುವುದಲ್ಲದೆ ಇಂತಹ ಅನೇಕ ನಕಲಿಗಳನ್ನು ಗುರುತಿಸುವುದು.

ಜೋಡಿಸುವ ಮುನ್ನ ಯಂತ್ರವನ್ನು ನಿಲ್ಲಿಸಿ, ಗೋಡೆಯ ಪ್ಲಗ್ಗನ್ನು ಕಿತ್ತು, ಒಳಗುಳಿದ ವಿದ್ಯುತ್ತು ಇಳಿಯುವಂತೆ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿಯಬೇಕು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಕಾರ್ಡನ್ನು ಅಂಚಿನಲ್ಲಿ ಹಿಡಿದು, ಸ್ಲಾಟಿನ ಕೊನೆಯ ಕೊಂಡಿ ಬೀಳುವವರೆಗೆ ಸಮವಾಗಿ ಒತ್ತಿ, ಹಿಂಪಟ್ಟಿಗೆ ತಿರುಪನ್ನು ಬಿಗಿಯಬೇಕು. ಮಾನಿಟರಿನ ತಂತಿಯನ್ನು ಬೋರ್ಡಿನ ಹಳೆಯ ಬಾಯಿಗಲ್ಲದೆ ಕಾರ್ಡಿನ ಬಾಯಿಗೇ ಸಿಕ್ಕಿಸಬೇಕು. ಕಾರ್ಡು ಕೆಟ್ಟಿದೆಯೆಂದು ಅಂಗಡಿಗೆ ಓಡುವ ಮುನ್ನ ಈ ತಂತಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಉಪಸಂಹಾರ

ಏಳು ಪರೀಕ್ಷೆಗಳಿಗೆ ಬೇಕಾಗುವ ಸಾಧನಗಳು ಒಂದು ತಿರುಪುಳಿ, ಒಂದು ಅಳತೆಪಟ್ಟಿ, ಒಂದು ಹಾಳೆ ಮತ್ತು ಒಂದು ಲೇಖನಿ. ತಗಲುವ ಕಾಲ ಅರ್ಧ ದಿನ. ಈ ಪರೀಕ್ಷೆಯ ಫಲವು ಕೆಲವೊಮ್ಮೆ ಏನನ್ನೂ ಕೊಳ್ಳಬೇಡವೆಂಬುದೇ ಆಗಿರಬಹುದು. ಅದನ್ನು ಸೋಲೆಂದು ಎಣಿಸಬಾರದು. ಉಳಿದ ಹಣವು ಎಸ್‌ಎಸ್‌ಡಿಗೋ ರ‍್ಯಾಮಿಗೋ ಮುಂದೊಮ್ಮೆ ಕೊಳ್ಳಲಿರುವ ಯಂತ್ರಕ್ಕೋ ಒದಗುವುದು. ಕೂಡಿಬಂದರೆ, ಮೂಲೆ ಸೇರಬೇಕಾಗಿದ್ದ ಯಂತ್ರವು ಇನ್ನು ಕೆಲವು ವರ್ಷ ವಿದ್ಯಾರ್ಥಿಯೊಬ್ಬನ ಕೆಲಸಕ್ಕೆ ನಿಲ್ಲುವುದು.

ಅಭ್ಯಾಸ

1. ಎಸ್‌ಎಂಪಿಎಸ್ ಒಂದರ 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್ ಎಂದಿದೆ. ಆ ಸಾಲಿನಿಂದ ದೊರೆಯುವ ವಾಟ್ ಎಷ್ಟು?

2. 8 ಲೇನುಗಳ ಕಾರ್ಡೊಂದನ್ನು 2.0 ತಲೆಮಾರಿನ ಸ್ಲಾಟಿನಲ್ಲಿಟ್ಟರೆ ಒಂದು ದಿಕ್ಕಿಗೆ ಸೆಕೆಂಡಿಗೆ ಎಷ್ಟು ಮೆಗಾಬೈಟು ಸಾಗಬಲ್ಲವು?

3. ಆರು ಪಿನ್ನಿನ ಸಂಪರ್ಕಕ್ಕೆ ಸಾಟಾ ಪರಿವರ್ತಕವನ್ನು ಬಳಸಬಾರದೇಕೆ? ಲೆಕ್ಕದೊಡನೆ ವಿವರಿಸಿರಿ.

4. ಶಾಲೆಯ ಅಥವಾ ಮನೆಯ ಗಣಕಯಂತ್ರವೊಂದನ್ನು ಹಿರಿಯರ ಸಮ್ಮುಖದಲ್ಲಿ ತೆರೆದು, ಏಳು ಪರೀಕ್ಷೆಗಳ ಫಲವನ್ನು ಒಂದು ಹಾಳೆಯಲ್ಲಿ ಬರೆಯಿರಿ.